ಬೆಂದ ಕಾಳು ಮತ್ತು ಬೇಗೂರಿನ ಕಲ್ಲು

ಊರಿನ ಹೆಸರಿಗೊಂದು ಕಥೆ ಹೆಣೆಯುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. ಮೈಸೂರಿಗೆ ಮಹಿಷಾಸುರನಿದ್ದಾನೆ, ಮಂಗಳೂರಿಗೆ ಮಂಗಳಾದೇವಿಯಿದ್ದಾಳೆ. ಬೆಂಗಳೂರಿನ ಪಾಲಿಗೆ ಅಸುರನೂ ದೊರೆಯಲಿಲ್ಲ, ದೇವತೆಯೂ ದೊರೆಯಲಿಲ್ಲ. ಬಂದವಳು ಒಬ್ಬ ಬಡ ಮುದುಕಿ.

ಕಥೆ ವಾಚಕರಿಗೆ ತಿಳಿಯದ್ದೇನಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಬೇಟೆಗೆ ಹೊರಟು, ಪರಿವಾರವನ್ನಗಲಿ, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಕತ್ತಲಾಗುವ ಹೊತ್ತಿಗೆ ಒಂದು ಗುಡಿಸಲು ಕಣ್ಣಿಗೆ ಬೀಳುತ್ತದೆ. ಅಲ್ಲಿದ್ದ ಮುದುಕಿ, ಬಂದವನು ಅರಸನೆಂದರಿಯದೆಯೇ, ತನ್ನಲ್ಲಿದ್ದ ಬೆಂದ ಕಾಳನ್ನು ಬಡಿಸುತ್ತಾಳೆ. ತೃಪ್ತನಾದ ದೊರೆ ಆ ಸ್ಥಳಕ್ಕೆ ಬೆಂದಕಾಳೂರು ಎಂದು ಹೆಸರಿಡುತ್ತಾನೆ. ಅದೇ ಸವೆದು ಬೆಂಗಳೂರಾಯಿತು. ನಾನಿದನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಒಬ್ಬರಿಗೆ ಅದು ಅವರೆಕಾಳು, ಮತ್ತೊಬ್ಬರಿಗೆ ಹುರುಳಿ. ಕಾಳು ಯಾವುದಾದರೂ ಕಥೆಯ ರುಚಿ ಕೆಟ್ಟಿಲ್ಲವೆನ್ನಬೇಕು.

ಆದರೆ ಕೇಳತಕ್ಕ ಪ್ರಶ್ನೆಯೊಂದುಂಟು. ಆ ಮುದುಕಿ ಕಾಳು ಬೇಯಿಸುವುದಕ್ಕೆ ಮುಂಚೆ ಆ ಜಾಗವನ್ನು ಜನ ಏನೆಂದು ಕರೆಯುತ್ತಿದ್ದರು? ಒಲೆ ಹೊತ್ತಿಸಿ ಬದುಕುವವರಿದ್ದಲ್ಲಿ ಹೆಸರೂ ಇದ್ದೇ ಇರುತ್ತದೆ. ಈ ಪ್ರಶ್ನೆಗೆ ಉತ್ತರ ಬೇಗೂರಿನಲ್ಲಿದೆ.

ಬೇಗೂರು ಹೊಸೂರು ರಸ್ತೆಯ ಸಮೀಪದ ಊರು. ಈಗ ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿನ ಶಾಸನವುಂಟು. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 20ನೆಯ ಶತಮಾನದ ಆದಿಭಾಗದಲ್ಲಿ ಇದನ್ನು ಬೆಳಕಿಗೆ ತಂದರು. ಕಲ್ಲಿನ ಮೇಲೆ ಶಕವರ್ಷವಿಲ್ಲ. ಲಿಪಿಯ ರೂಪವನ್ನು ನೋಡಿ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 890ರದೆಂದು ನಿರ್ಣಯಿಸಿದ್ದಾರೆ. ಶಾಸನದ ತಾತ್ಪರ್ಯ ಇಷ್ಟೆ: ನಾಗತ್ತರನ ಮನೆಯವನಾದ ಬುತ್ತನಸೆಟ್ಟಿಯೆಂಬವನು ಬೆಂಗುಳೂರಿನ ಕಾಳಗದಲ್ಲಿ ಸತ್ತನು.

ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಎಂದರೆ ಅರಸನಿಗೆ ಹಸಿವಾಗುವುದಕ್ಕೆ ಸುಮಾರು ಇನ್ನೂರ ಎಂಬತ್ತು ವರ್ಷ ಮೊದಲೇ, ಹೊಯ್ಸಳ ವಂಶ ಇನ್ನೂ ತಲೆಯೆತ್ತದಿದ್ದ ಗಂಗರ ಕಾಲದಲ್ಲಿ, ಊರಿಗೆ ಈ ಹೆಸರಿತ್ತು. ಆ ಹೆಸರಿನ ಊರಿನಲ್ಲಿ ಕಾದಾಟವಾಗಿ ಜನ ಸತ್ತೂ ಇದ್ದರು. ಕಾಲಗಣನೆಯನ್ನು ಬದಿಗಿಟ್ಟರೂ ನುಡಿಯ ನಡೆ ಕಥೆಗೆ ಒಗ್ಗುವುದಿಲ್ಲ. ಮಾತು ಸವೆಯುವುದು ನಿಜ. ಆದರೆ ಬೆಂದಕಾಳೂರು ಸವೆದು ಬೆಂಗಳೂರಾದುದಾದರೆ ಹಳೆಯ ಶಾಸನದಲ್ಲಿ ಉದ್ದನೆಯ ರೂಪವೂ ಈಚಿನದರಲ್ಲಿ ಗಿಡ್ಡ ರೂಪವೂ ಕಾಣಬೇಕಾಗಿತ್ತು. ಇಲ್ಲಿಯೋ, ಮೊದಲ ಸಾಕ್ಷಿಯಲ್ಲಿಯೇ ನಾವು ಇಂದು ಆಡುವ ಹೆಸರು ಹೆಚ್ಚುಕಡಿಮೆ ಹಾಗೆಯೇ ನಿಂತಿದೆ.

ಹಾಗಾದರೆ ಹೆಸರಿನ ಅರ್ಥವೇನು? ಬೆಣಚುಕಲ್ಲು ಎಂದವರುಂಟು, ಬೆಂಗಾವಲು ಎಂದವರುಂಟು. ಬೇಂಗೆ, ಅಂದರೆ ಹೊನ್ನೆಮರ, ಎಂದವರೂ ಉಂಟು. ಮರ, ಕಲ್ಲು, ಕೆರೆಗಳಿಂದ ಊರಿಗೆ ಹೆಸರು ಬರುವುದು ನಮ್ಮ ನಾಡಿನ ವಾಡಿಕೆಯಾದ್ದರಿಂದ ನನ್ನ ಒಲವು ಮರದ ಕಡೆಗೇ. ‘ಬೇ’ ಎಂಬುದು ಗಿಡ್ಡಾದುದು ಹೇಗೆಂದು ವೈಯಾಕರಣರು ತಕರಾರು ತೆಗೆದರೆ ಅದು ನ್ಯಾಯವೇ.

ಇನ್ನೊಂದು ನಂಬಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1537ರಲ್ಲಿ ಯಲಹಂಕ ನಾಡಿನ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ಪೇಟೆಗಳನ್ನು ಏರ್ಪಡಿಸಿ ನಗರವನ್ನು ನಿರ್ಮಿಸಿದರೆಂಬುದು ಪ್ರಸಿದ್ಧ. ಹೆಸರೂ ಅಂದೇ ಹುಟ್ಟಿತೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಊರು ಅವರದು, ನಿಜ. ಹೆಸರಿಗೆ ಆಗಲೇ ಆರೂವರೆ ಶತಮಾನ ಸಂದಿತ್ತು.

ನಾನು ಮತ್ತೆ ಬುತ್ತನಸೆಟ್ಟಿಯ ಬಳಿಗೇ ಬರಬೇಕು; ನನ್ನ ಮನಸ್ಸನ್ನು ಕಾಡುವವನು ಅವನೇ. ಆ ಕಾಳಗ ಯಾರ ಯಾರ ನಡುವೆ ನಡೆಯಿತು, ಏಕೆ ನಡೆಯಿತು, ಗೆದ್ದವರಾರು, ಒಂದನ್ನೂ ಕಲ್ಲು ಹೇಳುವುದಿಲ್ಲ. ಅವನ ಒಡೆಯನಾದ ನಾಗತ್ತರನ ಭಾಗ್ಯ ಬೇರೆ. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಸೆಣಸಿ ಅವನು ಮಡಿದುದನ್ನು ಬೇಗೂರಿನದೇ ಮತ್ತೊಂದು ದೊಡ್ಡ ವೀರಗಲ್ಲು ಸಾರುತ್ತದೆ. ಆನೆ, ಕುದುರೆ, ಬಿಲ್ಲಾಳುಗಳಿಂದ ಕಿಕ್ಕಿರಿದ ಆ ಶಿಲ್ಪವನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ್ದಾರೆ. ಅದನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ತಣಿಯದು. ನಾಗತ್ತರ ಸತ್ತ ಮೇಲೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳನ್ನು ಕೊಟ್ಟನಂತೆ. ಬೆಂಪೂರು ಎಂಬುದೇ ಇಂದಿನ ಬೇಗೂರು. ನೆನಪನ್ನು ಕಾಪಾಡಿದ ಊರು ತನ್ನ ಹೆಸರನ್ನೇ ಬದಲಿಸಿಕೊಂಡಿತು, ನೋಡಿ!

ಬುತ್ತನಸೆಟ್ಟಿಗೆ ಹಳ್ಳಿಗಳ ಮಾತಿಲ್ಲ, ಪಟ್ಟದ ಮಾತಿಲ್ಲ. ಒಂದು ವಾಕ್ಯವಷ್ಟೇ ಅವನ ಪಾಲು. ಮುದುಕಿಯ ಕಥೆಯನ್ನು ಮಕ್ಕಳಿಗೆ ಹೇಳಬಾರದೆಂದು ನಾನು ಹಟ ಹಿಡಿಯುವವನಲ್ಲ. ಹಸಿದವನಿಗೆ ಉಣಬಡಿಸಿದ ಕಥೆ ಎಲ್ಲಿ ಹೇಳಿದರೂ ಚೆನ್ನ. ಅದರ ಬೆನ್ನಿಗೇ ಇವನ ಹೆಸರನ್ನೂ ಹೇಳಬೇಕೆಂಬುದು ನನ್ನ ಬೇಡಿಕೆ. 2014ರ ನವೆಂಬರ್ 1ರಂದು ಇಂಗ್ಲಿಷ್ ಬರಹದಲ್ಲಿಯೂ ಬ್ಯಾಂಗಲೋರ್ ಹೋಗಿ ಬೆಂಗಳೂರು ಎಂಬ ರೂಪ ಅಧಿಕೃತವಾಯಿತು. ಆ ಹೆಸರು ದೊರೆತಿರುವ ಅತ್ಯಂತ ಹಳೆಯ ಬರಹ ಇವನ ಸಾವಿನ ಬರಹ. ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಯಿಂದ ಬೇಗೂರಿನ ಕಡೆಗೆ ತಿರುಗಿಕೊಂಡರೆ ನಾಗೇಶ್ವರನ ಗುಡಿ ದೂರವಿಲ್ಲ. ಗುಡಿಯಲ್ಲಿ ದೇವರಿಗೆ ಕೈಮುಗಿದ ಮೇಲೆ, ಬೆಂಗಳೂರಿನ ಶಾಸನವೆಲ್ಲಿದೆಯೆಂದು ಒಂದು ಮಾತು ವಿಚಾರಿಸಿ.