ಸರಕು ವ್ಯಾನಿನಲ್ಲಿ ವಾರಾಂತ್ಯದ ವಾಸ: ಶಾಖನಿರೋಧ, ವಾಯುಸಂಚಾರ ಹಾಗೂ ಲೆಕ್ಕಪತ್ರ

ವಾರದ ಆರು ದಿನ ಅಂಗಡಿಗೂ ಗೋದಾಮಿಗೂ ನಡುವೆ ಓಡಾಡುವ ಮುಚ್ಚು ವ್ಯಾನು ಭಾನುವಾರ ಷೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ಬಂಡವಾಳ ಹೂಡಿದ ಆಸ್ತಿ ಸುಮ್ಮನೆ ನಿಲ್ಲುವುದು ವರ್ತಕನ ಮನಸ್ಸಿಗೆ ಹಿತವಾದ ಸಂಗತಿಯಲ್ಲ. ಈ ವ್ಯಾನಿನಲ್ಲಿ ಹಾಸಿಗೆ ಹಾಕಿಕೊಂಡು ಚಿಕ್ಕಮಗಳೂರಿನ ಬೆಟ್ಟದ ತಪ್ಪಲಿನಲ್ಲೋ ಕಾರವಾರದ ಕಡಲ ತೀರದಲ್ಲೋ ಒಂದು ರಾತ್ರಿ ಕಳೆಯಬಾರದೇಕೆ ಎಂಬ ಆಲೋಚನೆ ಹಲವು ಸದಸ್ಯರಿಗೆ ಬಂದಿರುವುದು ಸಹಜ. ಆಲೋಚನೆ ಒಳ್ಳೆಯದೇ. ಆದರೆ ಉಕ್ಕಿನ ಪೆಟ್ಟಿಗೆಯೊಂದನ್ನು ಮನುಷ್ಯರು ಮಲಗುವ ಕೋಣೆಯಾಗಿಸುವ ಮುನ್ನ ಎರಡು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಶಾಖನಿರೋಧ ಮತ್ತು ವಾಯುಸಂಚಾರ ಎಂದಿಗೂ ಜೊತೆಯಾಗಿಯೇ ಇರಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದು ಅಪಾಯ. ಎರಡನೆಯದು, ಮಾಡಿದ ವ್ಯವಸ್ಥೆಯ ಬಹುಪಾಲು ಸೋಮವಾರ ಬೆಳಿಗ್ಗೆ ಬಿಚ್ಚಿಡುವಂತಿರಬೇಕು. ಇವೆರಡರ ಕಾರಣಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಶಾಖ ಬರುವ ದಾರಿ

ಸುಮಾರು 3.2 ಮೀಟರ್ ಉದ್ದ, 1.6 ಮೀಟರ್ ಅಗಲದ ಸರಕು ಕೋಣೆಯುಳ್ಳ ಮಧ್ಯಮ ಗಾತ್ರದ ವ್ಯಾನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಛಾವಣಿಯ ವಿಸ್ತೀರ್ಣ ಸುಮಾರು 5 ಚದರ ಮೀಟರ್. ಬೇಸಿಗೆಯ ನಡುಹಗಲಿನಲ್ಲಿ ಪ್ರತಿ ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ 1,000 ವ್ಯಾಟ್ ಬಿಸಿಲು ಬೀಳುವುದರಿಂದ ಛಾವಣಿಯೊಂದರ ಮೇಲೆಯೇ 5 ಕಿಲೋವ್ಯಾಟ್ ಶಾಖ ಸುರಿಯುತ್ತದೆ. ಹೊಸ ಬಿಳಿ ಬಣ್ಣವು ಇದರ ಸುಮಾರು ಮುಕ್ಕಾಲು ಪಾಲನ್ನು ಹಿಂತಿರುಗಿಸಿದರೆ, ಕಪ್ಪು ಬಣ್ಣವು ಹತ್ತರಲ್ಲಿ ಒಂಬತ್ತು ಪಾಲನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ವ್ಯಾನು ಕೊಳ್ಳುವಾಗಲೇ ಬಿಳಿ ಬಣ್ಣವನ್ನು ಆರಿಸುವುದು ಖರ್ಚಿಲ್ಲದ ಮೊದಲ ಶಾಖನಿರೋಧ. ಛಾವಣಿಗಿಂತ ಅರ್ಧ ಅಡಿ ಮೇಲೆ ಹಗ್ಗ ಬಿಗಿದು ಕಟ್ಟಿದ ನೆರಳುಬಟ್ಟೆ ಅಥವಾ ಮರದ ನೆರಳು ಎರಡನೆಯದು. ಇವೆರಡೂ ಶಾಖವನ್ನು ವ್ಯಾನಿನ ಹೊರಗೇ ತಡೆಯುತ್ತವೆ.

ಉಕ್ಕು ಶಾಖವಾಹಕ, ತೆಳುವಾದ ತಗಡು ಶಾಖವನ್ನು ತಡೆಯುವುದೇ ಇಲ್ಲ ಎನ್ನಬಹುದು. ಛಾವಣಿಯು ಒಳಗಿನ ಗಾಳಿಗಿಂತ 30 ಡಿಗ್ರಿ ಹೆಚ್ಚು ಕಾದಿದ್ದರೆ, ಬರಿಯ ತಗಡಿನಿಂದ ಸುಮಾರು 900 ವ್ಯಾಟ್ ಶಾಖ ಒಳಗಿಳಿಯುತ್ತದೆ. ಅಂದರೆ ಮಲಗುವವರ ನೆತ್ತಿಯ ಮೇಲೆ ಒಂದು ವಿದ್ಯುತ್ ಹೀಟರ್ ಉರಿದಂತೆ. ಅದೇ ತಗಡಿನ ಕೆಳಗೆ 25 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ಅಂಟಿಸಿದರೆ ಈ ಪ್ರಮಾಣ ಸುಮಾರು 160 ವ್ಯಾಟ್‌ಗೆ ಇಳಿಯುತ್ತದೆ. 50 ಮಿ.ಮೀ. ಹಾಕಿದರೆ ಸುಮಾರು 90 ವ್ಯಾಟ್. ಇಲ್ಲಿ ವರ್ತಕರು ಗಮನಿಸಬೇಕಾದ ಲೆಕ್ಕವೊಂದಿದೆ. ಮೊದಲ ಅಂಗುಲವು 740 ವ್ಯಾಟ್ ಉಳಿಸಿಕೊಟ್ಟರೆ ಎರಡನೆಯ ಅಂಗುಲವು ಉಳಿಸುವುದು ಕೇವಲ 70 ವ್ಯಾಟ್. ಎರಡಕ್ಕೂ ಹಣ ಒಂದೇ, ಮತ್ತು ಎರಡನೆಯದು ವ್ಯಾನಿನ ಒಳ ಎತ್ತರವನ್ನೂ ಕಸಿಯುತ್ತದೆ. ನಮ್ಮ ಹವಾಮಾನಕ್ಕೆ ಒಂದು ಅಂಗುಲವೇ ಸಾಕು.

ಸಾಮಗ್ರಿಯ ಆಯ್ಕೆ ಮತ್ತು ತೇವದ ಸಮಸ್ಯೆ

ಗಾಜಿನ ಉಣ್ಣೆ ಅಗ್ಗ. ಶಾಖವನ್ನೂ ಚೆನ್ನಾಗಿ ತಡೆಯುತ್ತದೆ. ಆದರೂ ವಾಹನಕ್ಕೆ ಅದು ಯೋಗ್ಯವಲ್ಲ. ಮಲಗಿರುವ ಇಬ್ಬರ ಉಸಿರು ಹಾಗೂ ಬೆವರಿನಿಂದ ಒಂದು ರಾತ್ರಿಯಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಒಳಗಿನ ಗಾಳಿಯ ಉಷ್ಣತೆ 22 ಡಿಗ್ರಿ ಹಾಗೂ ಆರ್ದ್ರತೆ ಶೇ. 75 ಇದ್ದರೆ, 17 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈ ಮೇಲೆ ಹನಿಗಟ್ಟುತ್ತದೆ. ಮಲೆನಾಡಿನ ಅಥವಾ ಕೊಡಗಿನ ಚಳಿಗಾಲದ ರಾತ್ರಿಗಳಲ್ಲಿ ವ್ಯಾನಿನ ತಗಡು ಇದಕ್ಕಿಂತ ಬಹಳ ತಣ್ಣಗಾಗುತ್ತದೆ. ಗಾಜಿನ ಉಣ್ಣೆಯ ಮೂಲಕ ಆವಿ ಸರಾಗವಾಗಿ ಹಾಯ್ದು, ಹಿಂದಿನ ತಗಡಿನಲ್ಲಿ ನೀರಾಗಿ ನಿಂತು, ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಸುತ್ತದೆ. ಸೋಮವಾರ ಅದೇ ವ್ಯಾನಿನಲ್ಲಿ ಬಟ್ಟೆಯ ಗಂಟನ್ನೋ ಕಾಗದದ ರೀಮುಗಳನ್ನೋ ಸಾಗಿಸುವವರಿಗೆ ಈ ತೇವದ ನಷ್ಟ ಎರಡು ಬಗೆಯದು.

ಆದ್ದರಿಂದ ಮುಚ್ಚಿದ ಕೋಶಗಳುಳ್ಳ, ನೀರು ಹೀರದ ಸಾಮಗ್ರಿಯನ್ನೇ ಬಳಸಬೇಕು: ನೈಟ್ರೈಲ್ ರಬ್ಬರ್ ಹಾಳೆ ಅಥವಾ ಒತ್ತಿ ತಯಾರಿಸಿದ ಪಾಲಿಸ್ಟೈರೀನ್ ಹಲಗೆ. ಇದನ್ನು ತಗಡಿಗೆ ಅಂಟಿದಂತೆ, ನಡುವೆ ಗಾಳಿ ಸುಳಿಯದಂತೆ ಕೂರಿಸಬೇಕು. ಛಾವಣಿಯ ಅಡ್ಡಪಟ್ಟಿಗಳನ್ನು ಬರಿದಾಗಿ ಬಿಟ್ಟರೆ ಶಾಖವೂ ಹನಿಯೂ ಅಲ್ಲಿಂದಲೇ ಬರುವುದರಿಂದ ಅವುಗಳ ಮೇಲೂ ತೆಳುವಾದ ಪಟ್ಟಿ ಹೊದಿಸಬೇಕು. ಸಾಮಾನ್ಯ ಥರ್ಮೋಕೋಲ್ ಬೇಡ. ಅದು ಕಾದ ಛಾವಣಿಯ ಕೆಳಗೆ ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ದಟ್ಟ ಹೊಗೆ ಕಾರುತ್ತದೆ. ವಾಹನದ ಒಳಾಂಗಣ ಸಾಮಗ್ರಿಗಳ ದಹನಶೀಲತೆಗೆ ಐ.ಎಸ್. 15061 ಎಂಬ ಭಾರತೀಯ ಮಾನಕವಿದೆ. ಕೊಳ್ಳುವಾಗ ಅದನ್ನು ಪಾಲಿಸಿದ ಮಾಲಿಗೆ ಒತ್ತಾಯಿಸಬೇಕು. ಬಾಗಿಲಿನ ತಳದಲ್ಲಿರುವ ನೀರು ಇಳಿಯುವ ರಂಧ್ರಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಟೊಳ್ಳು ಕಂಬಗಳಿಗೆ ಫೋಮ್ ಸಿಂಪಡಿಸಬಾರದು.

ತೂಕದ ವಿಚಾರವೂ ಮುಖ್ಯ. ಛಾವಣಿಗೆ ಬೇಕಾದ ಫೋಮಿನ ತೂಕ 4ರಿಂದ 5 ಕಿಲೋ ಮಾತ್ರ. ಎರಡೂ ಪಕ್ಕಗಳಿಗೆ 6 ಮಿ.ಮೀ. ಪ್ಲೈವುಡ್ ಹೊಡೆದರೆ ಸುಮಾರು 45 ಕಿಲೋ. ವಾರವಿಡೀ ಅಷ್ಟು ಸರಕನ್ನು ಕಡಿಮೆ ಹೇರಬೇಕಾದೀತು. ಛಾವಣಿಯ ಫೋಮನ್ನು ಮಾತ್ರ ಶಾಶ್ವತವಾಗಿ ಅಂಟಿಸಿ, ಪಕ್ಕದ ಹಲಗೆಗಳನ್ನು ಪಟ್ಟಿಗಳಿಂದ ಬಿಗಿದು ಬಿಚ್ಚುವಂತೆ ಮಾಡುವುದು ಲೇಸು. ಛಾವಣಿಯ ಹೊದಿಕೆ ಸಿಹಿತಿಂಡಿ, ಹೂವು, ಔಷಧಗಳಂಥ ಸರಕುಗಳಿಗೂ ವಾರವಿಡೀ ಉಪಕಾರಿ.

ವಾಯುಸಂಚಾರ

ಶಾಖನಿರೋಧವು ತಂಪನ್ನು ಉತ್ಪಾದಿಸುವುದಿಲ್ಲ. ಶಾಖದ ಚಲನೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಬಿರುಕುಗಳೆಲ್ಲ ಮುಚ್ಚಿದಷ್ಟೂ ಒಳಗಿನ ಉಸಿರು ಒಳಗೇ ಉಳಿಯುತ್ತದೆ. ಮೇಲೆ ಹೇಳಿದ ವ್ಯಾನಿನೊಳಗೆ ಸುಮಾರು 8 ಘನ ಮೀಟರ್ ಗಾಳಿ ಇರುತ್ತದೆ. ಮಲಗಿರುವ ಇಬ್ಬರು ಗಂಟೆಗೆ ಸುಮಾರು 26 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಇದರ ಪ್ರಮಾಣ ಗಂಟೆಗೆ ಶೇ. 0.3ರಷ್ಟು ಏರಿ, ನಾಲ್ಕು ಗಂಟೆಯೊಳಗೆ ಶೇ. 1 ದಾಟುತ್ತದೆ. ಹೊರಗಿನ ಗಾಳಿಯಲ್ಲಿ ಇದು ಶೇ. 0.04 ಮಾತ್ರ. ತಲೆನೋವು, ಜಡತ್ವ, ಒಡೆದ ನಿದ್ದೆ ಇದರ ಫಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಇಬ್ಬರಿಗೆ ಗಂಟೆಗೆ ಸುಮಾರು 40 ಘನ ಮೀಟರ್ ಹೊಸ ಗಾಳಿ ಬೇಕು. ಕಂಪ್ಯೂಟರುಗಳಲ್ಲಿ ಬಳಸುವ 120 ಮಿ.ಮೀ.ನ 12 ವೋಲ್ಟ್ ಫ್ಯಾನ್ ಸೊಳ್ಳೆಜಾಲರಿಯ ತಡೆಯ ನಡುವೆಯೂ ಇಷ್ಟನ್ನು ಸಾಗಿಸಬಲ್ಲದು. ಅದು ಬಳಸುವ ವಿದ್ಯುತ್ತು ಸುಮಾರು 3 ವ್ಯಾಟ್. ಹತ್ತು ಗಂಟೆಗೆ 30 ವ್ಯಾಟ್-ಗಂಟೆ. ಯು.ಪಿ.ಎಸ್.ಗಳಲ್ಲಿರುವ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಒಂದು ರಾತ್ರಿಗೆ ಧಾರಾಳ. ವಾಹನದ ಬ್ಯಾಟರಿಯನ್ನು ಮುಟ್ಟಬೇಕಾಗಿಲ್ಲ. ತಂತಿಗೆ ಫ್ಯೂಸ್ ಹಾಕುವುದನ್ನು ಮರೆಯಬಾರದು.

ಬಿಸಿ ಗಾಳಿ ಮೇಲೇರುವುದರಿಂದ ಹೊರದೂಡುವ ಫ್ಯಾನ್ ಎತ್ತರದಲ್ಲಿಯೂ ಒಳಬರುವ ಕಂಡಿ ತಗ್ಗಿನಲ್ಲಿಯೂ, ಸಾಧ್ಯವಾದರೆ ಎದುರು ಬದಿಯಲ್ಲಿಯೂ ಇರಬೇಕು. ಛಾವಣಿ ಕೊರೆಯುವ ಅಗತ್ಯವಿಲ್ಲ. ಹಿಂಬಾಗಿಲನ್ನು ಸರಪಳಿಯಿಂದ ಒಂದು ಅಂಗೈ ಅಗಲ ತೆರೆದು ನಿಲ್ಲಿಸಿ, ಆ ಸಂದಿಗೆ ಹೊಂದುವ ಹಲಗೆಯಲ್ಲಿ ಮೇಲೆ ಫ್ಯಾನನ್ನೂ, ಪಕ್ಕದ ಸರಿಯುವ ಬಾಗಿಲಿನ ಸಂದಿಯ ತಗ್ಗಿನಲ್ಲಿ ಜಾಲರಿಯನ್ನೂ ಕೂರಿಸಬಹುದು. ಚಾಲಕನ ಕೋಣೆಗೂ ಸರಕು ಕೋಣೆಗೂ ನಡುವೆ ಗೋಡೆಯಿರುವ ವ್ಯಾನುಗಳಲ್ಲಿ ಮುಂದಿನ ಕಿಟಕಿ ಇಳಿಸಿದರೆ ಹಿಂದೆ ಮಲಗಿದವರಿಗೆ ಪ್ರಯೋಜನವಿಲ್ಲ ಎಂಬುದನ್ನು ನೆನಪಿಡಬೇಕು.

ಪ್ರಾಣಾಪಾಯದ ವಿಷಯ

2024ರ ಡಿಸೆಂಬರಿನಲ್ಲಿ ಕೇರಳದ ವಡಗರದ ಬಳಿ ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಮೃತಪಟ್ಟಿರುವುದು ಪತ್ತೆಯಾಯಿತು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತಜ್ಞರ ಪರೀಕ್ಷೆಯಿಂದ ತಿಳಿದುಬಂದಿತು. ಅದು ವಾಸಕ್ಕೆಂದೇ ಸಜ್ಜಾದ ವಾಹನ ಎಂಬುದನ್ನು ಗಮನಿಸಬೇಕು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವನಿಗೆ ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ ಎಂಜಿನ್ ಚಾಲೂ ಇಟ್ಟು ಮಲಗಬಾರದು. ಜನರೇಟರನ್ನು ವ್ಯಾನಿನ ಒಳಗಾಗಲಿ, ಅಡಿಯಲ್ಲಾಗಲಿ, ಗಾಳಿಕಂಡಿಯ ಬಳಿಯಾಗಲಿ ಇಡಬಾರದು. ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗೆ ತರಬಾರದು. ಅಡುಗೆ ಹೊರಗೇ ಆಗಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರು ಮಲಗುವ ಕೋಣೆಯಲ್ಲಿ ಬೇಡ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ದಿಂಬಿನ ಎತ್ತರದಲ್ಲಿ ಇಡುವುದು ಕಡ್ಡಾಯವೆಂದೇ ಭಾವಿಸಬೇಕು. ಗಾಳಿಕಂಡಿಯಿದೆ ಎಂಬುದು ಒಳಗೆ ಬೆಂಕಿಯಿಡಲು ಪರವಾನಗಿಯಲ್ಲ.

ನೋಂದಣಿ ಮತ್ತು ವಿಮೆ

ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾತ್ಮಕ ವ್ಯತ್ಯಾಸವೇ ಮಾರ್ಪಾಡು ಎಂಬುದು ಆ ಕಲಮಿನ ವಿವರಣೆ. ಒಳಗೆ ಫೋಮ್ ಅಂಟಿಸುವುದು, ಬಿಚ್ಚಬಹುದಾದ ಹಾಸಿಗೆ ಹರಡುವುದು ಈ ವ್ಯಾಪ್ತಿಗೆ ಬರುವ ಸಂಭವ ಕಡಿಮೆ. ಆದರೆ ತಗಡು ಕತ್ತರಿಸಿ ಕಿಟಕಿ ಕೂರಿಸುವುದು, ಆಸನ ಬೆಸೆಯುವುದು, ಛಾವಣಿ ಎತ್ತರಿಸುವುದು ಬೇರೆಯೇ ಮಾತು. ಅಂಥ ಇಚ್ಛೆಯಿದ್ದರೆ ನೋಂದಣಿ ಪ್ರಾಧಿಕಾರದ ಲಿಖಿತ ಅನುಮತಿಯನ್ನು ಮೊದಲೇ ಪಡೆಯಬೇಕು, ಅಥವಾ ಮೋಟಾರು ಕ್ಯಾರವಾನ್‌ಗಳ ಎ.ಐ.ಎಸ್. 124 ಮಾನದಂಡದಂತೆ ಅನುಮೋದಿತವಾದ ವಾಹನವನ್ನೇ ಕೊಳ್ಳಬೇಕು.

ಇದಕ್ಕಿಂತ ಗಂಭೀರವಾದುದು ವಿಮೆ. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರಿಗೆ ಕಡ್ಡಾಯ ವಿಮೆಯ ರಕ್ಷಣೆ ಅನ್ವಯಿಸುವುದಿಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿ ಸರಕಿನೊಡನೆ ಹೋಗುವುದು ಬೇರೆ; ಮಡದಿ ಮಕ್ಕಳು ವಿಹಾರಕ್ಕೆ ಹೋಗುವುದು ಬೇರೆ. ನಿಲ್ಲಿಸಿದ ವ್ಯಾನಿನಲ್ಲಿ ಮಲಗಬಹುದು. ಓಡುವ ವ್ಯಾನಿನ ಸರಕು ಕೋಣೆಯಲ್ಲಿ ಯಾರೂ ಕೂರಬಾರದು. ಕುಟುಂಬವು ಕಾರಿನಲ್ಲೋ ಬಸ್ಸಿನಲ್ಲೋ ಹಿಂದೆ ಬರುವುದೇ ಸುರಕ್ಷಿತ. ವಿಮಾ ಕಂಪನಿಗೆ ಈ ಬಳಕೆಯನ್ನು ಪತ್ರಮುಖೇನ ತಿಳಿಸಿ ಉತ್ತರವನ್ನು ಕಡತದಲ್ಲಿಡಬೇಕು.

ತೆರಿಗೆ ಮತ್ತು ಲೆಕ್ಕ

ಸರಕು ಸಾಗಣೆಯ ವಾಹನಕ್ಕೆ ತೆತ್ತ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಕೆಲವು ಅಪವಾದಗಳನ್ನು ಬಿಟ್ಟರೆ, 17ನೇ ಕಲಮಿನ 5ನೇ ಉಪಕಲಮು ಅದನ್ನು ತಡೆಯುತ್ತದೆ. ವ್ಯಾನು ಸರಕು ವಾಹನವಾಗಿಯೇ ಉಳಿಯಬೇಕೆಂಬುದಕ್ಕೆ ಇದೂ ಒಂದು ಕಾರಣ. ಹಾಸಿಗೆ, ಫ್ಯಾನ್, ಸೊಳ್ಳೆಜಾಲರಿಗಳು ಸ್ವಂತ ಉಪಯೋಗದ ವಸ್ತುಗಳು. ಅವುಗಳ ಮೇಲಿನ ಜಮೆಯನ್ನು ಪಡೆಯುವಂತಿಲ್ಲ; ವೆಚ್ಚವನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಹಾಕಬೇಕು. ಸರಕಿನ ರಕ್ಷಣೆಗೂ ನೆರವಾಗುವ ಛಾವಣಿಯ ಫೋಮನ್ನು ವ್ಯವಹಾರದ ಖರ್ಚೆಂದು ತೋರಿಸಲು ಆಧಾರವಿದೆ. ಖಾಸಗಿ ಪ್ರಯಾಣದ ಪ್ರಮಾಣಕ್ಕೆ ತಕ್ಕಂತೆ ಇಂಧನ, ದುರಸ್ತಿ, ಸವಕಳಿಯ ಭಾಗವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬೇಕು. ಇದಕ್ಕಾಗಿ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಹೊರಡುವಾಗಿನ ಮತ್ತು ಮರಳಿದಾಗಿನ ಕಿಲೋಮೀಟರ್ ಬರೆದಿಟ್ಟರೆ ಸಾಕು. ಕಂಪನಿಯ ಹೆಸರಿನ ವ್ಯಾನಾದರೆ ನಿರ್ದೇಶಕರ ಸ್ವಂತ ಬಳಕೆ ಸವಲತ್ತಿನ ಪ್ರಶ್ನೆ ಎತ್ತುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು.

ಹೊರಡುವ ಮುನ್ನ ಸದಸ್ಯರು ಈ ಕೆಳಗಿನವನ್ನು ಪರಿಶೀಲಿಸಿಕೊಳ್ಳಬೇಕಾಗಿ ವಿನಂತಿ:

1. ಛಾವಣಿಗೆ ಒಂದು ಅಂಗುಲದ, ನೀರು ಹೀರದ ಹೊದಿಕೆ.
2. ಎತ್ತರದಲ್ಲಿ ಹೊರದೂಡುವ ಫ್ಯಾನ್, ತಗ್ಗಿನಲ್ಲಿ ಒಳಬರುವ ಕಂಡಿ. ಎರಡೂ ರಾತ್ರಿಯಿಡೀ ತೆರೆದಿರಬೇಕು.
3. ಒಳಗೆ ಬೆಂಕಿ, ಸಿಲಿಂಡರು, ಎಂಜಿನ್ ಹೊಗೆ ಇಲ್ಲದಿರುವುದು. ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿರುವುದು.
4. ತಗಡು ಕತ್ತರಿಸದಿರುವುದು, ಸಾಮಗ್ರಿ ಬಿಚ್ಚುವಂತಿರುವುದು.
5. ವಿಮಾ ಕಂಪನಿಯ ಪತ್ರ ಮತ್ತು ಕಿಲೋಮೀಟರ್ ಪುಸ್ತಕ.

ಇವುಗಳಲ್ಲಿ ಮೂರನೆಯದನ್ನು ಬಿಟ್ಟು ಉಳಿದವುಗಳಲ್ಲಿ ಆಗುವ ಲೋಪಕ್ಕೆ ಹಣ ತೆತ್ತು ಸರಿಪಡಿಸಿಕೊಳ್ಳಬಹುದು. ಮೂರನೆಯದಕ್ಕೆ ಆ ಅವಕಾಶವಿಲ್ಲ.