ತೂತು ಮೊದಲು, ದಾರ ಆಮೇಲೆ

ತೊಗಲು ಹೊಲಿಯುವ ಸೂಜಿಗೆ ಮೊನೆ ಇರಬಾರದು. ಬಟ್ಟೆ ಹೊಲಿದು ರೂಢಿಯಿದ್ದವರಿಗೆ ಇದು ತಲೆಕೆಳಗಾದ ಮಾತು ಅನ್ನಿಸುತ್ತದೆ. ಬಟ್ಟೆಯಲ್ಲಿ ಸೂಜಿಯು ಎಳೆಗಳನ್ನು ಅತ್ತಿತ್ತ ಸರಿಸಿಕೊಂಡು ಹೋಗುತ್ತದೆ, ಅದು ದಾಟಿದ ಮೇಲೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ತೊಗಲಿನಲ್ಲಿ ಹಾಗೆ ಸರಿಯುವ ಎಳೆಗಳಿಲ್ಲ. ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡು ಆದ ದಟ್ಟ ಸಿಕ್ಕು ಅದು. ಅಲ್ಲಿ ಒಮ್ಮೆ ಬಿದ್ದ ತೂತು ಬಿದ್ದದ್ದೇ. ಆದ್ದರಿಂದ ಈ ಕೆಲಸದಲ್ಲಿ ತೂತು ಮಾಡುವ ಹತ್ಯಾರ ಬೇರೆ, ದಾರ ದಾಟಿಸುವ ಹತ್ಯಾರ ಬೇರೆ. ಮೊದಲನೆಯದು ಆರಿ, ಎರಡನೆಯದು ಮೊಂಡು ಸೂಜಿ. ಮೊನೆಯುಳ್ಳ ಸೂಜಿ ಬಳಸಿದರೆ ಅದು ತೂತಿನೊಳಗೆ ಆಗಲೇ ಕೂತಿರುವ ದಾರವನ್ನು ಚುಚ್ಚಿ ಸೀಳುತ್ತದೆ.

ಮಲೆನಾಡಿನ ಗೋಣಿಬೀಡು ಹೋಬಳಿಯ ತೋಟದ ಮನೆಯಲ್ಲಿ ಕೂತು ಈ ಹವ್ಯಾಸ ಹಿಡಿಯುವವರು ಪರ್ಸಿನಿಂದ ಶುರು ಮಾಡಬೇಕಿಲ್ಲ. ಪರ್ಸಿಗೆ ತೆಳು ತೊಗಲು, ಸಣ್ಣ ಹೊಲಿಗೆ, ನಾಲ್ಕಾರು ಪದರ ಬೇಕು. ಹೊಸಬರ ಕೈಗೆ ಅದು ಕಷ್ಟ. ಕಾಫಿ ಕೊಯ್ಲು ಮುಗಿದು ಗಿಡ ಕಸಿ (ರೆಂಬೆ ಸವರುವ ಕೆಲಸ) ಶುರುವಾದಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕತ್ತರಿಗೆ ಒಂದು ಒರೆ ಹೊಲಿಯುವುದು ಒಳ್ಳೆಯ ಮೊದಲ ಪಾಠ. 3 ಮಿಲಿಮೀಟರ್ ದಪ್ಪದ ಎರಡು ತುಂಡು ತೊಗಲು, ಅವುಗಳ ನಡುವೆ ಅಂಚಿನುದ್ದಕ್ಕೂ ಒಂದು ಪಟ್ಟಿ, ಸುತ್ತ ಒಂದೇ ಸಾಲು ಹೊಲಿಗೆ. ನಡುವಿನ ಪಟ್ಟಿಯನ್ನು ಬಿಟ್ಟರೆ ಕತ್ತರಿಯ ಅಲಗು ದಿನಾ ದಾರಕ್ಕೆ ತಾಗಿ, ಹೊಲಿದವರ ಶ್ರಮವನ್ನು ತಾನೇ ಕತ್ತರಿಸಿ ಹಾಕುತ್ತದೆ.

ತೊಗಲು ಯಾವುದು? ಅಂಬೂರು, ರಾಣಿಪೇಟೆ, ವಾಣಿಯಂಬಾಡಿಗಳ ಕಾರ್ಖಾನೆಗಳಿಂದ ಬರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಮೆದು, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಕತ್ತರಿಸಿದ ಅಂಚು ನೀಲಿ ಬೂದು ಬಣ್ಣಕ್ಕಿರುತ್ತದೆ. ತೊಗಟೆ, ಕಾಯಿಗಳ ಟ್ಯಾನಿನ್‌ನಿಂದ ಹದ ಮಾಡಿದ್ದು ಗಡುಸು, ಕಂದು. ಒಂದು ಹನಿ ನೀರು ಬಿದ್ದರೆ ಅಲ್ಲಿ ಕಪ್ಪಾಗುತ್ತದೆ. ಜಾಲಿ ತೊಗಟೆ, ತಂಗಡಿ ತೊಗಟೆ, ನಮ್ಮ ಕಾಡಿನ ಅಳಲೆಕಾಯಿ ಎಲ್ಲ ಈ ಎರಡನೆಯ ಹದಕ್ಕೆ ಸೇರಿದವು. ಒರೆಯ ಆಕಾರ ನಿಲ್ಲಬೇಕಾದರೆ ಇದೇ ಆಗಬೇಕು.

ಇನ್ನು ಹತ್ಯಾರಗಳು. ಅಂಗಡಿಯವರು ಮಾರುವ ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ಸಾಮಾನಿರುತ್ತವೆ, ಅರ್ಧಕ್ಕರ್ಧ ಪೆಟ್ಟಿಗೆ ತುಂಬಿಸಲು ಇಟ್ಟವು. ಮಕ್ಕಳ ಜಾಮಿಟ್ರಿ ಡಬ್ಬಿಯ ಕೈವಾರದಿಂದ ಅಂಚಿಗೆ 4 ಮಿಲಿಮೀಟರ್ ಒಳಗೆ ಗೆರೆ ಎಳೆದುಕೊಳ್ಳಬಹುದು. ಆ ಗೆರೆಯ ಮೇಲೆ ಊಟದ ಫೋರ್ಕನ್ನು ಒತ್ತುತ್ತಾ ಹೋದರೆ ಸಮದೂರದ ಗುರುತು ಬೀಳುತ್ತದೆ; ಪ್ರತಿ ಸಲವೂ ಮೊದಲ ಹಲ್ಲನ್ನು ಹಿಂದಿನ ಸಲದ ಕೊನೆಯ ಗುರುತಿನಲ್ಲೇ ಊರಬೇಕು. ಇದೇ ಕೆಲಸಕ್ಕೆ ಹಲ್ಲಿನ ಉಳಿ ಸಿಗುತ್ತದೆ, ಮರದ ಕೊಡತಿಯಿಂದ ಬಡಿದರೆ ಒಂದೇ ಏಟಿಗೆ ನಾಲ್ಕಾರು ತೂತು. ದುಡ್ಡು ಹಾಕುವುದಿದ್ದರೆ ಈ ಉಳಿಗೂ ಒಳ್ಳೆಯ ಆರಿಗೂ ಹಾಕಬೇಕು, ಬೇರೆ ಯಾವುದಕ್ಕೂ ಅಲ್ಲ.

ಆರಿಯ ಅಲಗನ್ನು ಅಡ್ಡ ಕೊಯ್ದು ನೋಡಿದರೆ ಶಂಕರಪೋಳಿಯ ಆಕಾರ. ದುಂಡು ಮೊನೆಯಿಂದ ಮಾಡಿದ ತೂತು ಬಾಯಿ ಬಿಟ್ಟುಕೊಂಡಿರುತ್ತದೆ, ದಾರ ಅದರೊಳಗೆ ಸಡಿಲ. ಈ ಓರೆ ಸೀಳಾದರೋ ದಾರ ಬಿಗಿದಾಗ ಮುಚ್ಚಿಕೊಂಡು ಅದನ್ನು ಕಚ್ಚಿ ಹಿಡಿಯುತ್ತದೆ. ಎಲ್ಲ ತೂತೂ ಒಂದೇ ಕಡೆಗೆ ವಾಲಿದ್ದರೆ ಹೊಲಿಗೆಯೂ ಓರೆಯಾಗಿ, ಸಾಲಾಗಿ ಕೂರುತ್ತದೆ. ಆರಿಯನ್ನು ತೊಗಲಿಗೆ ನೇರ ಲಂಬವಾಗಿ ಹಿಡಿಯುವುದೊಂದೇ ಇಲ್ಲಿ ಕಲಿಯಬೇಕಾದ ವಿದ್ಯೆ. ಮುಂಭಾಗದಲ್ಲಿ ಸಾಲು ನೆಟ್ಟಗಿದ್ದು ಹಿಂಭಾಗದಲ್ಲಿ ಹಾವಿನಂತೆ ಹರಿದಿದ್ದರೆ ಮಣಿಕಟ್ಟು ವಾಲಿದೆ ಎಂದೇ ಲೆಕ್ಕ.

ಸೂಜಿಗೆ ಪೇಟೆಗೆ ಓಡಬೇಕಿಲ್ಲ. ಕಾಫಿ, ಮೆಣಸಿನ ಚೀಲದ ಬಾಯಿ ಹೊಲಿಯುವ ದಬ್ಬಳ ತೋಟದ ಮನೆಯಲ್ಲಿ ಇದ್ದೇ ಇರುತ್ತದೆ. ಸಣ್ಣ ಅಳತೆಯದನ್ನು ಆಯ್ದು, ಮೊನೆಯನ್ನು ಸಾಣೆಕಲ್ಲಿಗೆ ತಿಕ್ಕಿ ದುಂಡು ಮಾಡಿದರೆ ಒರೆಯಂಥ ದಪ್ಪ ಕೆಲಸಕ್ಕೆ ನಡೆಯುತ್ತದೆ. ದಾರ ಮಾತ್ರ ಗೋಣಿಯದಾಗದು. ಸೆಣಬೂ ಹತ್ತಿಯೂ ಮಲೆನಾಡಿನ ಮಳೆಗೆ ಕೊಳೆಯುತ್ತವೆ. ನೈಲಾನ್ ಎಳೆದಂತೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಹುರಿ ವಾಸಿ. ಅದನ್ನು ಜೇನುಮೇಣದ ಮೇಲೆ ಎರಡು ಮೂರು ಸಲ ಎಳೆದರೆ ಎಳೆಗಳು ಒಂದಕ್ಕೊಂದು ಅಂಟಿ, ಹೊಲಿಗೆ ಜಾರದೆ ನಿಲ್ಲುತ್ತದೆ. ತುಡುವೆ ಸಾಕುವವರ ಮನೆಯಲ್ಲಿ ತುಪ್ಪ ತೆಗೆದ ಮೇಲೆ ಉಳಿಯುವ ಮೇಣ ಸಾಕು. ಸುಮಾರು 63 ಡಿಗ್ರಿಗೆ ಕರಗುವ ಅದನ್ನು ಬಿಸಿನೀರಿನಲ್ಲಿ ಕರಗಿಸಿ ಸೋಸಿ ಉಂಡೆ ಕಟ್ಟಿಟ್ಟರೆ ವರ್ಷಗಟ್ಟಲೆ ಬರುತ್ತದೆ.

ದಾರದ ಅಳತೆ ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಇಷ್ಟು ದಪ್ಪಕ್ಕೆ ಐದು ಪಟ್ಟು. ಎರಡೂ ತುದಿಗೆ ಒಂದೊಂದು ಸೂಜಿ. ಮೊದಲ ತೂತಿನಲ್ಲಿ ದಾರವನ್ನು ಅರ್ಧಕ್ಕೆ ನಿಲ್ಲಿಸಿ, ಅಲ್ಲಿಂದ ಮುಂದೆ ಪ್ರತಿ ತೂತಿನಲ್ಲೂ ಎಡದ ಸೂಜಿ ಬಲಕ್ಕೆ, ಬಲದ್ದು ಎಡಕ್ಕೆ. ಯಾವ ಸೂಜಿ ಮೊದಲು ಎಂಬ ಕ್ರಮ ಕೊನೆಯವರೆಗೂ ಬದಲಾಗಬಾರದು. ಇದು ಕುದುರೆ ಜೀನು ಹೊಲಿಯುವವರ ಹೊಲಿಗೆ. ಇದಕ್ಕೆ ಎರಡೂ ಕೈ ಬೇಕಾದ್ದರಿಂದ ತೊಗಲನ್ನು ಹಿಡಿಯಲು ಇಕ್ಕಳ ಬೇಕಾಗುತ್ತದೆ: ಮೊಳದುದ್ದದ ಎರಡು ಸಿಲ್ವರ್ ಓಕ್ ಹಲಗೆ, ನಡುವೆ ಒಂದು ಬೋಲ್ಟು, ಬುಡವನ್ನು ತೊಡೆಗಳ ನಡುವೆ ಒತ್ತಿ ಹಿಡಿದರಾಯಿತು.

ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡೂ ತೂತಿನ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಹರಿದರೆ ಇನ್ನೊಂದಕ್ಕೆ ಹಿಡಿತವಿಲ್ಲ, ಸಾಲು ಬಿಚ್ಚುತ್ತಾ ಹೋಗುತ್ತದೆ. ಜೀನಿನ ಹೊಲಿಗೆಯಲ್ಲಿ ಒಂದು ಕಡೆ ಹರಿದರೂ ಮತ್ತೊಂದು ಕಡೆಯದು ಹಿಡಿದಿರುತ್ತದೆ. ಹಾಗೆಂದು ಹವ್ಯಾಸಿಗಳು ಇದೊಂದೇ ನಿಜವಾದ ಕೈಹೊಲಿಗೆ ಎಂದು ಮೂಗು ಮುರಿಯುವುದುಂಟು. ಬಸ್ ನಿಲ್ದಾಣದ ಪಕ್ಕ ಕೂತ ಚಮ್ಮಾರರ ಕೈ ನೋಡಿದವರು ಆ ಮಾತು ಆಡಲಾರರು. ಅವರ ಆರಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು. ಆರಿಯನ್ನು ಮೇಲಿನಿಂದ ಚುಚ್ಚಿ, ಕೆಳಗಿನ ದಾರವನ್ನು ಕಚ್ಚಿಗೆ ಸಿಕ್ಕಿಸಿ, ಮೇಲಕ್ಕೆಳೆದ ಕುಣಿಕೆಯೊಳಗೆ ಇನ್ನೊಂದು ತುದಿಯನ್ನು ತೂರಿಸಿ ಬಿಗಿಯುತ್ತಾರೆ. ತೂತು, ಸೂಜಿ ಎರಡೂ ಒಂದೇ ಹತ್ಯಾರದಲ್ಲಿ. ಯಂತ್ರದ ಹೊಲಿಗೆಯ ಗುಣದೋಷ ಇದಕ್ಕೂ ಇದೆ, ನಿಜ. ಆದರೆ ಕಣ್ಣಿಗೆ ಕಾಣದ ಬೂಟಿನ ಒಳಭಾಗದಲ್ಲಿ, ಬೆರಳ ಸ್ಪರ್ಶದಿಂದಲೇ ದಾರ ಸಿಕ್ಕಿಸಿ ಅಟ್ಟೆ ಹೊಲಿಯುವುದು ಎರಡು ಸೂಜಿಯವರಿಗೆ ಸುಲಭವಲ್ಲದ ಕೆಲಸ. ಪಕ್ಕದಲ್ಲಿರುವ ರಂಪಿಗೆಯಿಂದ ಅವರು ಅಂಚು ಹೆರೆಯುವುದನ್ನೂ ಗಮನಿಸಬೇಕು. ಹೆರೆದು ತೆಳುವಾಗಿಸದ ಅಂಚನ್ನು ಮಡಿಚಿ ಹೊಲಿದರೆ ಅದು ಗಂಟಿನಂತೆ ಉಬ್ಬಿಕೊಳ್ಳುತ್ತದೆ.

ಮದುವೆ ರವಿಕೆಗಳ ಮೇಲೆ ಈಗ ಊರೂರಲ್ಲೂ ಹಾಕಿಸುವ ಆರಿ ವರ್ಕ್ ಇದೇ ಕಚ್ಚಿನ ಆರಿಯ ಸಂತತಿ. ಕಛ್‌ನ ಮೋಚಿಗಳು ತೊಗಲಿನ ಮೇಲೆ ಮಾಡುತ್ತಿದ್ದ ಕಸೂತಿ ರೇಷ್ಮೆಗೆ ದಾಟಿ ಅರಮನೆ ಸೇರಿತು. ಹತ್ಯಾರ ಒಳಗೆ ಹೋಯಿತು, ಅದನ್ನು ಹಿಡಿದವರು ಹೊರಗೇ ಉಳಿದರು. ನಮ್ಮಲ್ಲೂ ಅಷ್ಟೇ. ಲೆದರ್ ಕ್ರಾಫ್ಟ್ ಎಂಬ ಹೆಸರು ಹೊತ್ತು ಬಂದ ಹವ್ಯಾಸಕ್ಕೆ ಇಂದು ನಡುಮನೆಯಲ್ಲಿ ಜಾಗವಿದೆ. ಅದೇ ಕೆಲಸ ಮಾಡುವವರನ್ನು ಜಗಲಿ ಹತ್ತಿಸದ ಕಾಲ ಬಹಳ ಹಿಂದಿನದಲ್ಲ. ಕಲ್ಯಾಣದ ಸಮಗಾರ ಹರಳಯ್ಯ ದಂಪತಿ ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯಲ್ಲಿ ನಮಗೆ ಭಕ್ತಿ ಕಾಣುತ್ತದೆ, ಕಸುಬು ಕಾಣುವುದಿಲ್ಲ.

ಕಸುಬು ಕಾಣಬೇಕೆಂದರೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಅಥಣಿಯ ಕಡೆಗೆ ಹೋಗಬೇಕು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದೆ. ಕರ್ನಾಟಕದ ಪರವಾಗಿ ಅದನ್ನು ಪಡೆದದ್ದು, ಚರ್ಮ ಕುಶಲಕರ್ಮಿಗಳಿಗೆಂದು 1976ರಲ್ಲಿ ಹುಟ್ಟಿದ ನಿಗಮವಾದ ಲಿಡ್ಕರ್. ಅಥಣಿಯ ಸಾಂಪ್ರದಾಯಿಕ ಚಪ್ಪಲಿಯಲ್ಲಿ ನೂಲೂ ಇಲ್ಲ, ಮೊಳೆಯೂ ಇಲ್ಲ. ತೊಗಲನ್ನೇ ಸಣ್ಣ ಎಳೆಯಾಗಿ ಸೀಳಿ, ಅದರಿಂದಲೇ ಅಟ್ಟೆ ಹೊಲಿಯುತ್ತಾರೆ.

ಮತ್ತೆ ನಮ್ಮ ಒರೆಗೆ ಬಂದರೆ, ಹೊಲಿದಾದ ಮೇಲೆ ಕೊನೆಯ ಎರಡು ತೂತಿಗೆ ಹಿಂದಕ್ಕೆ ಹೊಲಿದು ದಾರ ಕತ್ತರಿಸಿ, ಸಾಲಿನುದ್ದಕ್ಕೂ ಮೆಲ್ಲಗೆ ಬಡಿದರೆ ಹೊಲಿಗೆ ಕೂರುತ್ತದೆ. ಅಂಚಿಗೆ ನೀರು ಸವರಿ ಒರಟು ಬಟ್ಟೆಯಿಂದ ತಿಕ್ಕಿದರೆ ನಾರುಗಳು ಒತ್ತಿಕೊಂಡು ಹೊಳಪು ಬರುತ್ತದೆ.

ಆಮೇಲಿನದು ಮಳೆಗಾಲದ ಚಿಂತೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಗೋಡೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ತೊಗಲು ಉಳಿಸುವುದು ಸುಲಭವಲ್ಲ. ಜಾಸ್ತಿ ಎಣ್ಣೆ ಹಚ್ಚಿದರೆ ತೊಗಲು ಜೋಲು ಬೀಳುತ್ತದೆ. ಒದ್ದೆ ಒರೆಯನ್ನು ಒಲೆಯ ಬಾಯಿಗೆ ಇಡುವುದು ಇನ್ನೂ ಕೆಟ್ಟದ್ದು: ಟ್ಯಾನಿನ್‌ನಲ್ಲಿ ಹದವಾದ ತೊಗಲು ಒದ್ದೆಯಿದ್ದಾಗ 80 ಡಿಗ್ರಿಯ ಆಸುಪಾಸು ತಲುಪಿದರೆ ನಾರುಗಳು ಮುದುಡಿ ಅದು ಕರಟುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ನೇತುಹಾಕಿ ಒಣಬಟ್ಟೆಯಿಂದ ಆಗಾಗ ಒರೆಸಬೇಕು. ಕತ್ತರಿಯನ್ನಂತೂ ಆ ತಿಂಗಳುಗಳಲ್ಲಿ ಒರೆಯೊಳಗೆ ಬಿಡಲೇಬಾರದು. ತೇವದಲ್ಲಿ ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಕಪ್ಪು ಬಣ್ಣ ಹುಟ್ಟುತ್ತದೆ; ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಲವಣವಾದ ಅನ್ನಭೇದಿ ಹಾಕಿ ಹಿಂದೆ ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಒರೆಯ ಮೇಲೆ ಬಿದ್ದ ಆ ಕಲೆ ಹೋಗುವುದಿಲ್ಲ, ಅಲಗಿಗೂ ತುಕ್ಕು ತಪ್ಪುವುದಿಲ್ಲ.