ಕುರಿಯ ರೊಪ್ಪ ಮತ್ತು ಧನುರ್ವಾಯು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಯ ಕೃಪೆಯನ್ನು ಅಷ್ಟಾಗಿ ಕಾಣದ ಸೀಮೆ. ಕಲ್ಲುಗುಡ್ಡ, ಜಾಲಿಯ ಪೊದೆ, ಹುಲ್ಲುಗಾವಲು, ನೆಲಗಡಲೆಯ ಹೊಲ ಇವೇ ಇಲ್ಲಿನ ನೋಟ. ಇಂತಹ ನೆಲದಲ್ಲಿ ಕುರಿಸಾಕಣೆಯು ಬಹುಕಾಲದಿಂದ ಜನರಿಗೆ ಆಧಾರವಾಗಿದೆ. ಕುರಿಯ ತುಪ್ಪಟವನ್ನು ಕತ್ತರಿಸಿ, ನೂತು, ಹುಣಿಸೆಬೀಜದ ಗಂಜಿಯನ್ನು ಕೊಟ್ಟು ನೇಯ್ದ ಚಳ್ಳಕೆರೆಯ ಕಂಬಳಿ ನಾಡಿನಲ್ಲೆಲ್ಲ ಹೆಸರಾಗಿದೆ. ಆದರೆ ಹೊಲಕ್ಕೆ ಒಳ್ಳೆಯ ಗೊಬ್ಬರವನ್ನೊದಗಿಸುವ ಕುರಿಯ ರೊಪ್ಪದ ಮಣ್ಣಿನಲ್ಲಿಯೇ ಕಣ್ಣಿಗೆ ಕಾಣದ ಅಪಾಯವೊಂದು ಅಡಗಿರಬಹುದೆಂಬುದನ್ನು ನಾವು ಮರೆಯಲಾಗದು.

ಈ ಅಪಾಯದ ಹೆಸರು ಧನುರ್ವಾಯು. ಇದನ್ನುಂಟುಮಾಡುವ ಕ್ಲಾಸ್ಟ್ರಿಡಿಯಮ್ ಟೆಟನಿ ಎಂಬ ಬ್ಯಾಕ್ಟೀರಿಯವು ಕುರಿ, ದನ, ಕುದುರೆಗಳ ಕರುಳಿನಲ್ಲಿದ್ದು, ಹಿಕ್ಕೆ ಸಗಣಿಗಳೊಡನೆ ಮಣ್ಣನ್ನು ಸೇರುತ್ತದೆ. ಅಲ್ಲಿ ಅದು ಗಟ್ಟಿಯಾದ ಕವಚವನ್ನು ಹೊದ್ದ ಬೀಜಕಣವಾಗಿ ವರ್ಷಗಟ್ಟಲೆ ಬಿಸಿಲು ಬರಗಳನ್ನು ಸಹಿಸಿಕೊಂಡಿರಬಲ್ಲುದು. ಆಮ್ಲಜನಕವಿರುವೆಡೆ ಅದು ಬೆಳೆಯದು. ಜಾಲಿಯ ಮುಳ್ಳೋ ತುಕ್ಕುಹಿಡಿದ ಮೊಳೆಯೋ ಕಾಲಿನಲ್ಲಿ ಆಳವಾಗಿ ನಾಟಿದಾಗ, ಗಾಳಿ ಸೋಕದ ಆ ಗಾಯದ ತಳದಲ್ಲಿ ಬೀಜಕಣವು ಮೊಳೆಯುತ್ತದೆ.

ವಿಚಿತ್ರವೆಂದರೆ, ಈ ಜೀವಿಯು ಗಾಯವನ್ನು ಬಿಟ್ಟು ಕದಲುವುದೇ ಇಲ್ಲ. ಕೊಲ್ಲುವುದು ಅದಲ್ಲ, ಅದು ಸ್ರವಿಸುವ ವಿಷ. ಒಂದು ಗ್ರಾಮಿನ 50 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾದ ವಿಷವು ಒಬ್ಬ ಮನುಷ್ಯನ ಪ್ರಾಣವನ್ನು ತೆಗೆಯಲು ಸಾಕು. ನಮ್ಮ ಸ್ನಾಯುಗಳನ್ನು ಬಿಗಿಗೊಳಿಸುವ ನರಗಳಿರುವಂತೆ, ಆ ಬಿಗಿತವನ್ನು ಹಿಡಿತದಲ್ಲಿಡುವ ನರಗಳೂ ಇವೆ, ಎತ್ತಿಗೆ ಮೂಗುದಾರವಿದ್ದಂತೆ. ವಿಷವು ನರದ ಮೂಲಕ ಬೆನ್ನುಹುರಿಯನ್ನು ಸೇರಿ ಈ ಮೂಗುದಾರವನ್ನು ಕಡಿದುಹಾಕುತ್ತದೆ. ಮೊದಲು ದವಡೆ ಕಚ್ಚಿಕೊಳ್ಳುತ್ತದೆ. ಬಳಿಕ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ರೋಗಕ್ಕೆ ಧನುಸ್ಸಿನ ಹೆಸರು ಬಂದುದು ಇದರಿಂದಲೇ.

ಈ ವಿಷಕ್ಕೆ ಎದುರು ನಿಲ್ಲುವ ಉಪಾಯವು ದೊರೆತ ಬಗೆಯೂ ಸ್ವಾರಸ್ಯವಾದುದು. 1890ರಲ್ಲಿ ಜರ್ಮನಿಯ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ ಎಂಬ ವಿಜ್ಞಾನಿಗಳು, ವಿಷಕ್ಕೆ ಒಗ್ಗಿದ ಪ್ರಾಣಿಯ ರಕ್ತದ ದ್ರವವು ಮತ್ತೊಂದು ಪ್ರಾಣಿಯನ್ನೂ ಕಾಪಾಡುವುದೆಂದು ತೋರಿಸಿಕೊಟ್ಟರು. ಆ ದ್ರವದಲ್ಲಿದ್ದುದು ಪ್ರತಿವಿಷ. ಆದರೆ ಹೊರಗಿನಿಂದ ಪಡೆದ ಪ್ರತಿವಿಷವು ಎರವಲು ಧಾನ್ಯದಂತೆ. ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋಂ ರಾಮೋಂ ಎಂಬವರು ಬ್ಯಾಕ್ಟೀರಿಯದ ವಿಷಕ್ಕೆ ಫಾರ್ಮಾಲಿನ್ ಬೆರೆಸಿ ಹದವಾದ ಶಾಖದಲ್ಲಿರಿಸಿದರು. ವಿಷದ ಮಾರಕಗುಣ ಅಳಿಯಿತು. ರೂಪ ಮಾತ್ರ ಉಳಿಯಿತು. ಹಲ್ಲು ಕಿತ್ತ ಹಾವಿನಂತಹ ಈ ವಸ್ತುವೇ ಟಾಕ್ಸಾಯ್ಡ್. ಇದನ್ನು ಚುಚ್ಚಿದರೆ ದೇಹವು ಶತ್ರುವಿನ ಗುರುತು ಹಿಡಿದು, ತಾನಾಗಿಯೇ ಪ್ರತಿವಿಷವನ್ನು ತಯಾರಿಸಲು ಕಲಿಯುತ್ತದೆ. ಗಂಟಲಮಾರಿಯ ಲಸಿಕೆಯೂ ಇದೇ ತತ್ತ್ವದ್ದು.

ವಾಚಕರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಧನುರ್ವಾಯುವಿನಿಂದ ಬದುಕಿಬಂದವನಿಗೂ ಅದರ ನಿರೋಧಶಕ್ತಿ ಬರುವುದಿಲ್ಲ. ರೋಗ ತರುವಷ್ಟು ವಿಷವು ದೇಹಕ್ಕೆ ಪಾಠ ಕಲಿಸಲು ಸಾಲದಷ್ಟು ಅಲ್ಪವಾದುದು. ಆದುದರಿಂದ ಅವನೂ ಲಸಿಕೆಯನ್ನು ಪಡೆಯಲೇಬೇಕು. ಎರಡನೆಯದಾಗಿ, ಈ ರೋಗವು ಒಬ್ಬರಿಂದೊಬ್ಬರಿಗೆ ಹರಡದು. ದಡಾರದ ವಿಷಯದಲ್ಲಿ ನೆರೆಹೊರೆಯವರೆಲ್ಲ ಲಸಿಕೆ ಪಡೆದಿದ್ದರೆ ಪಡೆಯದವನಿಗೂ ಸ್ವಲ್ಪ ರಕ್ಷಣೆಯುಂಟು. ಇಲ್ಲಿ ಹಾಗಿಲ್ಲ. ಊರಿಗೆ ಊರೇ ಚುಚ್ಚುಮದ್ದು ಪಡೆದಿದ್ದರೂ, ಪಡೆಯದ ಒಬ್ಬನನ್ನು ಅದು ಕಾಯಲಾರದು.

ಕುರಿಗಾಹಿಗಳಿಗೆ ಈ ತತ್ತ್ವವು ಹೊಸದೇನಲ್ಲ. ಮಳೆ ಬಿದ್ದು ಎಳೆಹುಲ್ಲು ಚಿಗುರಿದಾಗ ಅದನ್ನು ಹೊಟ್ಟೆತುಂಬ ಮೇಯ್ದ ಪುಷ್ಟವಾದ ಕುರಿಗಳು ಹಠಾತ್ತನೆ ಸಾಯುವುದುಂಟು. ಕರುಳುಬೇನೆಯೆಂಬ ಈ ರೋಗವೂ ಧನುರ್ವಾಯುವಿನ ದಾಯಾದಿಯಾದ ಬ್ಯಾಕ್ಟೀರಿಯದ ವಿಷದ ಫಲ. ಅದಕ್ಕಾಗಿಯೇ ಮುಂಗಾರಿಗೆ ಮುನ್ನ ಮಂದೆಗೆ ಲಸಿಕೆ ಹಾಕಿಸುತ್ತಾರೆ. ಮಂದೆಯನ್ನು ಕಾಯುವವನು ತನಗೆ ಬೇಕಾದ ಲಸಿಕೆಯನ್ನು ಮರೆಯಬಹುದೆ?

ಮಕ್ಕಳಿಗೆ 6, 10 ಮತ್ತು 14ನೆಯ ವಾರಗಳಲ್ಲಿ, ಬಳಿಕ 16ರಿಂದ 24 ತಿಂಗಳೊಳಗೆ, ಮತ್ತೆ 5-6ನೆಯ ವರ್ಷದಲ್ಲಿ, ಕೊನೆಗೆ 10 ಮತ್ತು 16ನೆಯ ವರ್ಷಗಳಲ್ಲಿ ಈ ರಕ್ಷಣೆಯನ್ನು ಸರ್ಕಾರವು ಉಚಿತವಾಗಿ ಒದಗಿಸುತ್ತದೆ. ಗರ್ಭಿಣಿಗೆ ಕೊಟ್ಟ ಲಸಿಕೆಯಿಂದ ಹುಟ್ಟಿದ ಪ್ರತಿವಿಷವು ಗರ್ಭದಲ್ಲಿರುವ ಶಿಶುವನ್ನೂ ಸೇರುತ್ತದೆ. ಹೆರಿಗೆ ಎಲ್ಲಿಯೇ ಆಗಲಿ, ಹೊಕ್ಕುಳಬಳ್ಳಿಯ ಗಾಯದಿಂದ ಒಳನುಗ್ಗುವ ವಿಷಕ್ಕೆ ಅದೇ ತಡೆ. ಶುಚಿಯಾದ ಹೆರಿಗೆ ಮತ್ತು ಈ ಲಸಿಕೆಗಳ ಬಲದಿಂದಲೇ 2015ರಲ್ಲಿ ಭಾರತವು ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಪರಿಗಣಿತವಾಯಿತು. ಆದರೆ ಬೀಜಕಣಗಳು ಮಣ್ಣಿನಿಂದ ಮಾಯವಾಗಿಲ್ಲ, ಮಾಯವಾಗುವಂತೆಯೂ ಇಲ್ಲ.

ಕುರಿಯೊಡನೆ ಬಾಳುವವರು ತಿಳಿದಿರಬೇಕಾದ ಇನ್ನೊಂದು ವಿಷವು ನೆರಡಿರೋಗದ್ದು, ಎಂದರೆ ಆಂಥ್ರಾಕ್ಸಿನದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಉಣ್ಣೆಯನ್ನು ವಿಂಗಡಿಸುತ್ತಿದ್ದ ಕಾರ್ಮಿಕರು ಇದಕ್ಕೆ ಬಲಿಯಾಗುತ್ತಿದ್ದರು. 1881ರಲ್ಲಿ ಲೂಯಿ ಪಾಸ್ತರ್ ಲಸಿಕೆ ಹಾಕಿದ 24 ಕುರಿಗಳು ಈ ರೋಗವನ್ನು ಗೆದ್ದು ನಿಂತುದು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಇಲ್ಲಿ ಕುರಿಗೆ ಹಾಕಿಸಿದ ಲಸಿಕೆಯೇ ಕುರುಬನಿಗೂ ನೇಕಾರನಿಗೂ ಕವಚ. ಇದ್ದಕ್ಕಿದ್ದಂತೆ ಸತ್ತ, ಮೂಗು ಬಾಯಿಗಳಲ್ಲಿ ರಕ್ತ ಒಸರಿದ ಕುರಿಯನ್ನು ಸೀಳಬಾರದು, ಸುಲಿಯಬಾರದು, ತಿನ್ನಬಾರದು. ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಮುಳ್ಳು ನಾಟಿದರೆ ಗಾಯವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಅದಕ್ಕೆ ಮಣ್ಣು ಸಗಣಿಗಳನ್ನು ಎಂದಿಗೂ ಮೆತ್ತಬಾರದು. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಿಂದಿನ ಚುಚ್ಚುಮದ್ದು ಯಾವಾಗ ಆಯಿತೆಂಬುದನ್ನು ಹೇಳಬೇಕು. ಹತ್ತು ವರ್ಷ ಕಳೆದಿದ್ದರೆ ಮತ್ತೊಂದು ಅವಶ್ಯಕ. ಗಾಯವು ಆಳವಾಗಿ ಕೊಳಕಾಗಿದ್ದರೆ ಐದು ವರ್ಷಕ್ಕೇ ಬೇಕಾಗುತ್ತದೆ. ಮೊದಲಿನಿಂದ ಲಸಿಕೆಯನ್ನೇ ಪಡೆಯದವನಿಗೆ ಅಂತಹ ಗಾಯವಾದರೆ ಸಿದ್ಧ ಪ್ರತಿವಿಷವನ್ನೂ ಕೊಡಬೇಕಾದೀತು. ಒಮ್ಮೆ ನರವನ್ನು ಹಿಡಿದ ವಿಷವನ್ನು ಬಿಡಿಸುವ ಔಷಧವಿಲ್ಲ. ವಿಷ ಬರುವ ಮೊದಲೇ ಕಾವಲು ನಿಲ್ಲಿಸುವುದೊಂದೇ ಮಾರ್ಗ.